ಸೈಕಲ್ ತುಳಿಯುವವರಿಗೆ ಮೊದಲು ಬೇಕಾದ್ದು ಬಿಳಿ ಕನ್ನಡಕ

ಸೋಮವಾರ ಬೆಳಿಗ್ಗೆ ನಮ್ಮ ಕಣ್ಣಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಬ್ಬರಾದರೂ ಸೈಕಲ್ ಸವಾರರು ಕೂತಿರುತ್ತಾರೆ. ಭಾನುವಾರ ದೂರ ತುಳಿದು ಬಂದವರು. ಒಂದು ಕಣ್ಣು ಕೆಂಪಗೆ, ಕೈಯಲ್ಲಿ ಒದ್ದೆ ಕರ್ಚೀಫು, ರಾತ್ರಿಯಿಡೀ ನಿದ್ದೆ ಇಲ್ಲ. ಹೋದ ಜನವರಿಯಲ್ಲಿ ಬಂದವರೊಬ್ಬರು ಚೆನ್ನಾಗಿ ನೆನಪಿದ್ದಾರೆ. ನಲವತ್ತೈದರ ಆಸುಪಾಸು, ಬ್ಯಾಂಕಿನಲ್ಲಿ ಕೆಲಸ. ಮೈಸೂರಿನಿಂದ ಬನ್ನೂರಿನ ಕಡೆ ಹೋಗಿ ಬಂದಿದ್ದರು. "ಕಣ್ಣು ಮಿಟುಕಿಸಿದಾಗಲೆಲ್ಲ ಒಳಗೆ ಮರಳು ಉಜ್ಜಿದ ಹಾಗೆ ಆಗ್ತಿದೆ ಮೇಡಂ" ಅಂದರು.

ನೋವು ತಿಳಿಯದ ಹಾಗೆ ಒಂದು ಹನಿ ಹಾಕಿ, ಗೀರು ಬಿದ್ದ ಕಡೆ ಹಸಿರಾಗಿ ಹೊಳೆಯುವ ಫ್ಲೋರೆಸಿನ್ ಬಣ್ಣದ ಕಿತ್ತಳೆ ಪಟ್ಟಿಯನ್ನು ಕಣ್ಣಂಚಿಗೆ ತಾಗಿಸಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನ ನೀಲಿ ಬೆಳಕಲ್ಲಿ ನೋಡಿದೆ. ಕರಿಗುಡ್ಡೆಯ ಮೇಲ್ಭಾಗದಲ್ಲಿ ಐದಾರು ಹಸಿರು ಗೆರೆ. ಎಲ್ಲವೂ ಮೇಲಿಂದ ಕೆಳಕ್ಕೆ, ಬೆಕ್ಕು ಪರಚಿದ ಹಾಗೆ. ಈ ಗೆರೆ ಕಂಡರೆ ಸಾಕು, ಕಸ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅದು ಮೇಲಿನ ರೆಪ್ಪೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಒಂದು ಗೀರು ಎಳೆಯುತ್ತದೆ. ಹತ್ತಿಕಡ್ಡಿ ಇಟ್ಟು ರೆಪ್ಪೆ ಮಡಚಿದೆ. ರಾಗಿ ಹೊಟ್ಟಿನ ಒಂದೇ ಒಂದು ಸಿಪ್ಪೆ, ಸಾಸಿವೆ ಕಾಳಿನ ಅರ್ಧದಷ್ಟೂ ಇಲ್ಲ. ತೆಗೆದು ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದಾಗ ಅವರಿಗೆ ನಂಬಿಕೆ ಬರಲಿಲ್ಲ.

"ಕನ್ನಡಕ ಹಾಕಿರಲಿಲ್ವಾ?" ಅಂತ ಕೇಳಿದೆ.

"ಇತ್ತು ಮೇಡಂ, ಒಳ್ಳೇದೇ ಇತ್ತು. ಹೆಲ್ಮೆಟ್ ಮೇಲೆ ಸಿಕ್ಕಿಸಿಕೊಂಡಿದ್ದೆ. ಆರೂವರೆ ಗಂಟೆ, ಇನ್ನೂ ಮಬ್ಬು. ಕಪ್ಪು ಗ್ಲಾಸ್ ಹಾಕಿದ್ರೆ ಗುಂಡಿನೇ ಕಾಣಲ್ಲ."

ಅವರ ಮಾತಿನಲ್ಲಿ ತಪ್ಪಿಲ್ಲ. ಮಬ್ಬಿನಲ್ಲಿ ಕಪ್ಪು ಗ್ಲಾಸ್ ಹಾಕಿ ತುಳಿದಿದ್ದರೆ ಅದೇ ಅಪಾಯ. ತಪ್ಪಾಗಿದ್ದು ಕೊಳ್ಳುವಾಗ. ಸೈಕಲ್ಲಿಗೆ ಕನ್ನಡಕ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕೂಲಿಂಗ್ ಗ್ಲಾಸ್. ಆದರೆ ನಮ್ಮೂರುಗಳಲ್ಲಿ ಸೈಕಲ್ ಹವ್ಯಾಸ ಇರುವವರು ತುಳಿಯುವುದು ಯಾವಾಗ? ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ, ಇಲ್ಲವೇ ಸಂಜೆ ಐದರ ಮೇಲೆ. ಆ ಹೊತ್ತಿನಲ್ಲಿ ಬಿಸಿಲಿಗಿಂತ ಕಣ್ಣಿಗೆ ಜಾಸ್ತಿ ಕಾಟ ಕೊಡುವುದು ಧೂಳು, ಹುಳ, ಹೊಟ್ಟು, ಗಾಳಿ. ಕಣ್ಣಿಗೆ ಕಸ ಬಿದ್ದು ನನ್ನ ಹತ್ತಿರ ಬರುವ ಸವಾರರಲ್ಲಿ ಕನ್ನಡಕವೇ ಇಲ್ಲದವರು ಕಡಿಮೆ. ಕನ್ನಡಕ ಇದ್ದೂ ಅದನ್ನು ತಲೆ ಮೇಲೋ ಜೇಬಲ್ಲೋ ಇಟ್ಟುಕೊಂಡವರೇ ಜಾಸ್ತಿ. ಅದಕ್ಕೇ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೊದಲು ಬಣ್ಣವಿಲ್ಲದ, ಬಿಳಿ ಕನ್ನಡಕ ತಗೊಳ್ಳಿ. ಕಪ್ಪಿನದು ಆಮೇಲೆ.

ರೆಪ್ಪೆ ಇದೆಯಲ್ಲ, ಅದೇ ಕಾಪಾಡುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕೋಣ. ಎದುರಿಗೆ ಏನೋ ಬಂತು ಅಂತ ಗೊತ್ತಾಗಿ ರೆಪ್ಪೆ ಮುಚ್ಚಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಚಾಮುಂಡಿ ಬೆಟ್ಟ ಇಳಿಯುವಾಗ ಗಂಟೆಗೆ 50 ಕಿ.ಮೀ. ವೇಗ ಬಂತು ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 14 ಮೀಟರ್ ಆಯಿತು. ರೆಪ್ಪೆ ಮುಚ್ಚುವಷ್ಟರಲ್ಲಿ ನೀವು 1.4 ಮೀಟರ್ ಮುಂದೆ ಹೋಗಿರುತ್ತೀರಿ. ಸಣ್ಣ ಹುಳ ಕಣ್ಣಿಗೆ ಕಾಣುವುದೇ ಅಷ್ಟು ಹತ್ತಿರ ಬಂದ ಮೇಲೆ. ಇನ್ನು ರೆಪ್ಪೆಗೆ ಸಮಯ ಎಲ್ಲಿ?

ನಮ್ಮ ಭಾಗದ ರಸ್ತೆಗಳಿಗೆ ಅವುಗಳದ್ದೇ ಕಾಲಮಾನ ಇದೆ. ಡಿಸೆಂಬರ್ ಜನವರಿಯಲ್ಲಿ ರಾಗಿ, ಹುರುಳಿ ಕೊಯ್ಲು ಮುಗಿದ ಮೇಲೆ ಹಳ್ಳಿಗಳ ಹತ್ತಿರ ರಸ್ತೆಯ ಮೇಲೇ ಒಕ್ಕಣೆ ನಡೆಯುತ್ತದೆ. ಕಾರು, ಬಸ್ಸು ಅದರ ಮೇಲೆ ಹರಿದು ಹೊಟ್ಟು ಮೇಲೇಳುತ್ತದೆ. ಹಿಂದೆ ಬರುವ ಸೈಕಲ್ಲಿನವರ ಮುಖಕ್ಕೆ ಅದು ನೇರ ಹೊಡೆಯುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ, ಶ್ರೀರಂಗಪಟ್ಟಣದ ಕಡೆ ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ಪಕ್ಕದಲ್ಲಿ ಸೋಗೆ ಹೊರಕ್ಕೆ ಚಾಚಿಕೊಂಡಿರುತ್ತದೆ. ಅದರ ಅಂಚು ಬ್ಲೇಡಿನ ಹಾಗೆ. ಮಳೆ ಶುರುವಾದರೆ ನಾಲೆ, ಗದ್ದೆ ಬಯಲಿನ ರಸ್ತೆಗಳಲ್ಲಿ ಸಂಜೆ ದೀಪ ಹತ್ತುವ ಹೊತ್ತಿಗೆ ಹುಳದ ಹಿಂಡು. ಊರೊಳಗೆ ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಕಿಡಿ ಫುಟ್‌ಪಾತ್ ದಾಟಿ ರಸ್ತೆಗೇ ಬರುತ್ತದೆ.

ಇವುಗಳಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ಗಿಡದಿಂದ ಬಂದ ಕಸ. ಕಬ್ಬಿನ ಸೋಗೆ, ಭತ್ತದ ಹೊಟ್ಟು, ಒಣ ಎಲೆ. ಕಬ್ಬಿಣದ ಚೂರು ಹೊಕ್ಕರೆ ಒಂದೇ ದಿನದಲ್ಲಿ ಅದರ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ, ನೋವೂ ಜೋರು. ಆದರೆ ಅವರು ಬೇಗ ಬರುತ್ತಾರೆ, ತೆಗೆದರೆ ವಾಸಿಯಾಗುತ್ತದೆ. ಸೋಗೆ ಗೀರಿದವರು ಹಾಗಲ್ಲ. ಎರಡು ದಿನಕ್ಕೆ ನೋವು ಇಳಿಯಿತು ಅಂತ ಸುಮ್ಮನಿರುತ್ತಾರೆ. ಗಿಡದ ಕಸದ ಜೊತೆ ಬೂಷ್ಟು, ಅಂದರೆ ಫಂಗಸ್ ಒಳಗೆ ಸೇರಿದ್ದರೆ ಅದು ನಿಧಾನವಾಗಿ ಬೆಳೆಯುತ್ತದೆ. ವಾರ, ಹತ್ತು ದಿನ ಕಳೆದು ಕರಿಗುಡ್ಡೆಯ ಮೇಲೆ ಬೂದುಬಿಳಿ ಚುಕ್ಕೆ ಕಾಣಿಸುತ್ತದೆ. ಅದನ್ನು ವಾಸಿ ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ವಾಸಿಯಾದ ಮೇಲೂ ಕಲೆ ಉಳಿದು ದೃಷ್ಟಿ ಮಂಜಾಗಬಹುದು. ಆ ನಡುವೆ ಮೆಡಿಕಲ್ ಶಾಪಿನಲ್ಲಿ ಕೇಳಿ ಯಾವುದೋ ಹನಿ ತಂದು ಹಾಕಿಕೊಂಡಿದ್ದರೆ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಫಂಗಸ್‌ಗೆ ಗೊಬ್ಬರ ಹಾಕಿದ ಹಾಗೆ. ಕಣ್ಣಿನ ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ಬೆಳೆಯುತ್ತಲೇ ಇರುತ್ತದೆ. ಇದನ್ನು ಬರೆಯುವಾಗ ಕೆಲವು ಮುಖಗಳು ಕಣ್ಣ ಮುಂದೆ ಬರುತ್ತವೆ. ಎಲ್ಲರಿಗೂ ದೃಷ್ಟಿ ವಾಪಸ್ ಕೊಡಲು ನಮ್ಮಿಂದ ಆಗಿಲ್ಲ.

ಹಾಗಾಗಿ, ದಾರಿಯಲ್ಲಿ ಕಸ ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೈಕಲ್ ಪಕ್ಕಕ್ಕೆ ನಿಲ್ಲಿಸಿ. ಉಜ್ಜಬೇಡಿ. ಮೇಲಿನ ರೆಪ್ಪೆಯ ಕೂದಲು ಹಿಡಿದು ಕೆಳರೆಪ್ಪೆಯ ಮೇಲಕ್ಕೆ ಎಳೆದು ಬಿಡಿ, ಎಷ್ಟೋ ಸಲ ಕೆಳಗಿನ ಕೂದಲೇ ಕಸವನ್ನು ಗುಡಿಸಿ ತೆಗೆಯುತ್ತದೆ. ಆಗದಿದ್ದರೆ ಕುಡಿಯುವ ನೀರಿನಿಂದ ತೊಳೆಯಿರಿ. ಗ್ಲೂಕೋಸ್, ಎಲೆಕ್ಟ್ರೋಲೈಟ್ ಬೆರೆಸಿದ ಬಾಟಲಿ ಬೇಡ. ನಾಲಿಗೆಯಿಂದ ತೆಗೆಸುವುದು, ಹಾಲು, ಹರಳೆಣ್ಣೆ ಬಿಡುವುದು ಇವತ್ತಿಗೂ ಇದೆ, ದಯವಿಟ್ಟು ಬೇಡ. ಬಾಯಿಯಲ್ಲಿರುವಷ್ಟು ಕ್ರಿಮಿಗಳು ರಸ್ತೆಯ ಧೂಳಿನಲ್ಲೂ ಇರಲಿಕ್ಕಿಲ್ಲ. ತೊಳೆದ ಮೇಲೂ ಚುಚ್ಚುತ್ತಿದ್ದರೆ, ಬೆಳಕು ನೋಡಲು ಆಗದಿದ್ದರೆ, ಮಂಜಾಗಿ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಏನಾದರೂ ನಾಟಿಕೊಂಡಿದ್ದರೆ ಅದನ್ನು ಕೀಳಬೇಡಿ, ಕಣ್ಣನ್ನು ಒತ್ತಬೇಡಿ. ಮೇಲೆ ಒಂದು ಪೇಪರ್ ಕಪ್ ಮುಚ್ಚಿಕೊಂಡು ಹಾಗೇ ಬನ್ನಿ.

ಈಗ ಕನ್ನಡಕದ ಮಾತು.

ಬಿಳಿ ಕನ್ನಡಕ ಅಂದರೆ ಯಾವುದೋ ದುಬಾರಿ ಸಾಮಾನು ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡರ್, ಡ್ರಿಲ್ಲಿಂಗ್ ಮೆಷಿನ್ ಪಕ್ಕದಲ್ಲೇ ಸೇಫ್ಟಿ ಗ್ಲಾಸ್ ನೇತು ಹಾಕಿರುತ್ತಾರೆ. ನೂರಿನ್ನೂರು ರೂಪಾಯಿಗೆ ಒಳ್ಳೆಯದೇ ಸಿಗುತ್ತದೆ. ನೋಡಬೇಕಾದ್ದು ಲೆನ್ಸ್ ಪಾಲಿಕಾರ್ಬೊನೇಟ್ ಹೌದೋ ಅಲ್ವೋ ಅನ್ನುವುದು. ಈ ಪ್ಲಾಸ್ಟಿಕ್ಕಿನ ಗುಣ ಏನಂದರೆ ಹೊಡೆತ ಬಿದ್ದರೆ ಬಾಗುತ್ತದೆ, ಚೂರಾಗುವುದಿಲ್ಲ. ಗಾಜಿನ ಲೆನ್ಸ್ ಹಾಕಿಕೊಂಡು ಯಾರೂ ಸೈಕಲ್ ಹತ್ತಬಾರದು, ಅದು ಒಡೆದರೆ ಚೂರು ಹೋಗುವುದು ಕಣ್ಣಿಗೇ. ಸಾಮಾನ್ಯ ಪವರ್ ಕನ್ನಡಕಕ್ಕೆ ಹಾಕುವ ಸಿಆರ್-39 ಪ್ಲಾಸ್ಟಿಕ್ ನೋಟಕ್ಕೆ ತುಂಬ ಚೆನ್ನಾಗಿದೆ. ಆದರೆ ಜೋರು ಪೆಟ್ಟಿಗೆ ಅದೂ ಬಿರುಕು ಬಿಡುತ್ತದೆ. ಟ್ರೈವೆಕ್ಸ್ ಅಂತ ಇನ್ನೊಂದು ಇದೆ. ಅದು ಪಾಲಿಕಾರ್ಬೊನೇಟಿನಷ್ಟೇ ಗಟ್ಟಿ, ನೋಟ ಅದಕ್ಕಿಂತ ಚೊಕ್ಕ, ಬೆಲೆ ಜಾಸ್ತಿ.

ಸೇಫ್ಟಿ ಗ್ಲಾಸಿನ ಕಡ್ಡಿಯ ಮೇಲೆ ಅಥವಾ ಲೆನ್ಸಿನ ಮೂಲೆಯಲ್ಲಿ ಸಣ್ಣ ಅಕ್ಷರದ ಗುರುತು ಇರುತ್ತದೆ. 'ಝಡ್87+' ಅಂತಿದ್ದರೆ ಅಮೆರಿಕದ ಪರೀಕ್ಷೆ ಪಾಸಾದದ್ದು. ಕೊನೆಯ ಪ್ಲಸ್ ಗುರುತು ಮುಖ್ಯ. ಕಾಲಿಂಚು ದಪ್ಪದ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್, ಅಂದರೆ ಗಂಟೆಗೆ 160 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಹೊಡೆದರೂ ಲೆನ್ಸ್ ಒಡೆಯಬಾರದು, ಫ್ರೇಮಿನಿಂದ ಕಳಚಬಾರದು. ಯುರೋಪಿನ 'ಇಎನ್166' ಗುರುತಿನ ಜೊತೆ 'ಎಫ್' ಅಕ್ಷರ ಇದ್ದರೂ ಹೆಚ್ಚುಕಡಿಮೆ ಇದೇ ಅರ್ಥ. ಸಾವಿರಾರು ರೂಪಾಯಿಯ ಸ್ಟೈಲಿಶ್ ಕೂಲಿಂಗ್ ಗ್ಲಾಸುಗಳಲ್ಲಿ ಎಷ್ಟೋ ಬಾರಿ ಈ ಗುರುತು ಇರುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯದರಲ್ಲಿ ಕೊರತೆಯೂ ಇದೆ. ಮೂಗಿನ ಪ್ಯಾಡ್ ಒರಟು, ಬೆವರಿಗೆ ಜಾರುತ್ತದೆ, ಬೇಗ ಗೀರು ಬೀಳುತ್ತದೆ. ದಿನಾ ಮೂವತ್ತು ನಲವತ್ತು ಕಿ.ಮೀ. ತುಳಿಯುವವರು ಸೈಕಲ್ಲಿಗೆ ಅಂತಲೇ ಮಾಡಿದ್ದನ್ನು ತಗೊಂಡರೆ ಒಳ್ಳೆಯದು. ಅದೇ ಫ್ರೇಮಿಗೆ ಬಿಳಿ ಮತ್ತು ಕಪ್ಪು, ಎರಡು ಲೆನ್ಸ್ ಬದಲಿಸಿ ಹಾಕುವಂಥದ್ದು ಸಿಗುತ್ತದೆ. ಸುಮ್ನೆ ಹೆಸರಿಗೆ ದುಡ್ಡು ಕೊಡುವುದಕ್ಕಿಂತ ಇದಕ್ಕೆ ಕೊಡಿ.

ಬಿಳಿ ಕನ್ನಡಕ ಅಂದಾಗ ಎಲ್ಲರೂ ಕೇಳುವ ಪ್ರಶ್ನೆ: "ಬಿಸಿಲಿಗೆ ಏನೂ ಪ್ರಯೋಜನ ಇಲ್ವಲ್ಲ ಮೇಡಂ?" ಇದಕ್ಕೆ ನಾನು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕೆಡುಕು ಮಾಡುವುದು ಯುವಿ, ಅಂದರೆ ಅತಿನೇರಳೆ ಕಿರಣ. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಯುವಿ ಟಾರ್ಚ್ ಇದೆ, ಅದರ ಕಿರಣದ ತರಂಗದ ಉದ್ದ 365 ನ್ಯಾನೋಮೀಟರ್. ಕ್ಲಿನಿಕ್ಕಿನ ಲೈಟ್ ಆರಿಸಿ, ಐನೂರರ ನೋಟಿನ ಮೇಲೆ ಅದನ್ನು ಬಿಡುತ್ತೇನೆ. ನೋಟಿನ ನಂಬರ್ ಹೊಳೆಯುತ್ತದೆ, ಅದನ್ನು ಅಚ್ಚು ಹಾಕುವ ಶಾಯಿಯೇ ಹಾಗಿದೆ. ಕಾಗದದೊಳಗಿನ ಸಣ್ಣ ಎಳೆಗಳೂ ಅಲ್ಲಲ್ಲಿ ಮಿನುಗುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಹಾರ್ಡ್‌ವೇರ್ ಅಂಗಡಿಯ ಬಿಳಿ ಗ್ಲಾಸ್ ಹಿಡಿಯುತ್ತೇನೆ. ಹೊಳಪು ಅಲ್ಲೇ ಸಾಯುತ್ತದೆ. ನೀರಿನಷ್ಟು ತಿಳಿಯಾದ ಲೆನ್ಸ್, ಆದರೂ ಯುವಿ ದಾಟಲಿಲ್ಲ. ಪಾಲಿಕಾರ್ಬೊನೇಟಿನ ಸ್ವಭಾವವೇ ಅದು. ಆಮೇಲೆ ಅದೇ ಡ್ರಾಯರಿನಿಂದ, ಜಾತ್ರೆಯಲ್ಲಿ ಕೊಂಡ ಕಡುಗಪ್ಪು ಗ್ಲಾಸ್ ತೆಗೆದು ಹಿಡಿಯುತ್ತೇನೆ. ನಂಬರ್ ಮಂಕಾಗಿಯಾದರೂ ಹೊಳೆಯುತ್ತಲೇ ಇರುತ್ತದೆ. ನೋಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಬಣ್ಣ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಯುವಿ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅದನ್ನು ತಡೆಯುವುದು ಲೆನ್ಸಿನ ವಸ್ತು ಅಥವಾ ಅದರೊಳಗೆ ಸೇರಿಸಿದ ರಾಸಾಯನಿಕ. ಎರಡಕ್ಕೂ ಸಂಬಂಧ ಇಲ್ಲ. 'ಯುವಿ400' ಅಂದರೆ 400 ನ್ಯಾನೋಮೀಟರ್ ತನಕದ ಕಿರಣಗಳನ್ನು ತಡೆಯುತ್ತದೆ ಅಂತ. ಅಗ್ಗದ ಗ್ಲಾಸೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನ್ನ ಟಾರ್ಚಿನ ಪರೀಕ್ಷೆಯಲ್ಲಿ ಅಗ್ಗದವು ಎಷ್ಟೋ ಪಾಸಾಗಿವೆ. ಸ್ಟಿಕ್ಕರ್ ನಂಬಿ ಸುಮ್ಮನಾಗುವುದು ಬೇಡ ಅನ್ನುವುದಷ್ಟೇ. ಬಹಳಷ್ಟು ಕನ್ನಡಕದ ಅಂಗಡಿಗಳಲ್ಲಿ ಯುವಿ ಮೀಟರ್ ಇರುತ್ತದೆ, ಒಂದು ನಿಮಿಷದ ಕೆಲಸ, ಕೇಳಿ ಹಾಕಿಸಿ ನೋಡಿ. ಮನೆಯಲ್ಲೇ ನೋಡುವುದಾದರೆ ಟಾರ್ಚ್ 365ರದ್ದೇ ಆಗಬೇಕು. 395ರದ್ದು ಸಿಗುವುದು ಸುಲಭ, ಆದರೆ ಅದರಿಂದ ನೇರಳೆ ಬೆಳಕೂ ಜಾಸ್ತಿ ಬರುತ್ತದೆ, ಒಳ್ಳೆಯ ಲೆನ್ಸೂ ಸೋರುವ ಹಾಗೆ ಕಾಣಿಸುತ್ತದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಯುವಿಯಿಂದ ಕಣ್ಣಿಗೆ ಏನಾಗುತ್ತದೆ ಅನ್ನುವುದು ಹೊಲದಲ್ಲಿ ದುಡಿಯುವವರ ಕಣ್ಣು ನೋಡಿದರೆ ಗೊತ್ತಾಗುತ್ತದೆ. ಮೂಗಿನ ಕಡೆಯಿಂದ ತ್ರಿಕೋನದ ಹಾಗೆ ಒಂದು ಮಾಂಸದ ಪದರ ಕರಿಗುಡ್ಡೆಯ ಮೇಲೆ ಹತ್ತಿರುತ್ತದೆ. ಜನ ದುರ್ಮಾಂಸ ಅನ್ನುತ್ತಾರೆ, ನಾವು ಟೆರಿಜಿಯಂ ಅನ್ನುತ್ತೇವೆ. ಹದಿನೈದಿಪ್ಪತ್ತು ವರ್ಷದಿಂದ ಸೈಕಲ್ ತುಳಿಯುವವರಲ್ಲೂ ನೋಡುತ್ತಿದ್ದೇನೆ. ಇದು ಕಿವಿಯ ಕಡೆಗಿಂತ ಮೂಗಿನ ಕಡೆಯೇ ಜಾಸ್ತಿ ಬೆಳೆಯುವುದು ಯಾಕೆ? ಪಕ್ಕದಿಂದ ಬರುವ ಬೆಳಕು ಓರೆಯಾಗಿ ಕರಿಗುಡ್ಡೆಗೆ ಬಿದ್ದಾಗ, ಅದರ ಬಾಗು ಭೂತಗನ್ನಡಿಯ ಹಾಗೆ ಕೆಲಸ ಮಾಡಿ ಆ ಬೆಳಕನ್ನು ಮೂಗಿನ ಕಡೆಯ ಅಂಚಿಗೆ ಒಟ್ಟು ಮಾಡುತ್ತದೆ. ಅಲ್ಲಿ ಬೆಳಕಿನ ತೀವ್ರತೆ ಸುಮಾರು 20 ಪಟ್ಟು ಆಗಬಹುದು ಅಂತ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಮಿನಾಸ್ ಕೊರೊನಿಯೊ ತೋರಿಸಿಕೊಟ್ಟರು. ಅಂದರೆ ಮುಂದೆ ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಪಕ್ಕ ಖಾಲಿ ಇದ್ದರೆ ಕೆಟ್ಟ ಬೆಳಕು ಅಲ್ಲಿಂದಲೇ ನುಗ್ಗುತ್ತದೆ.

ಅದಕ್ಕೇ ಕಣ್ಣನ್ನು ಸುತ್ತುವರಿಯುವ, ಬಾಗಿದ ಕನ್ನಡಕ ಅಂತ ನಾನು ಹಠ ಹಿಡಿಯುವುದು. ಧೂಳು, ಹುಳ, ಗಾಳಿ, ಯುವಿ ನಾಲ್ಕಕ್ಕೂ ಅದೇ ಒಂದು ಆಕಾರ ಉತ್ತರ. ದಿನವಿಡೀ ಕಂಪ್ಯೂಟರ್ ನೋಡಿ ಕಣ್ಣು ಒಣಗಿಸಿಕೊಂಡವರಿಗೆ ಇನ್ನೂ ಲಾಭ. ಎದುರುಗಾಳಿಗೆ ಕಣ್ಣೀರು ಆರಿಹೋಗಿ, ಆಮೇಲೆ ಧಾರಾಕಾರ ನೀರು ಸುರಿದು ರಸ್ತೆ ಮಸುಕಾಗುತ್ತದಲ್ಲ, ಅದು ತಪ್ಪುತ್ತದೆ. ಅಂಗಡಿಯಲ್ಲಿ ಹಾಕಿಕೊಂಡು ಕನ್ನಡಿಯಲ್ಲಿ ಮುಖ ನೋಡಿದರೆ ಸಾಲದು. ಜೊತೆಗೆ ಬಂದವರಿಗೆ ಪಕ್ಕದಿಂದ ನೋಡಲು ಹೇಳಿ. ಕೆನ್ನೆಗೂ ಲೆನ್ಸಿಗೂ ನಡುವೆ ಬೆರಳು ತೂರುವಷ್ಟು ಜಾಗ ಇದ್ದರೆ ಅದು ಬೇಡ. ತಗುಲಿಕೊಂಡೇ ಇದ್ದರೂ ಬೇಡ, ಬೆಟ್ಟ ಹತ್ತುವಾಗ ಉಸಿರು, ಬೆವರಿನ ಆವಿ ಕಟ್ಟಿ ಎದುರಿಗೆ ಏನೂ ಕಾಣುವುದಿಲ್ಲ.

ಬೆಟ್ಟದ ಮಾತು ಬಂತು. ಎತ್ತರಕ್ಕೆ ಹೋದಷ್ಟೂ ಯುವಿ ಜಾಸ್ತಿ, ಪ್ರತಿ 1000 ಮೀಟರಿಗೆ ಸುಮಾರು ಶೇ. 10. ಮಾರ್ಚ್ ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಯುವಿ ಸೂಚ್ಯಂಕ 11 ದಾಟುವುದು ಮಾಮೂಲು, ಅದು ಅಳತೆಪಟ್ಟಿಯ ಕೊನೆಯ, ಅತಿ ತೀವ್ರ ದರ್ಜೆ. ತಂಪಾದ ಗಾಳಿ ಬೀಸುತ್ತಿದೆ, ತೆಳು ಮೋಡ ಇದೆ ಅಂತ ಕನ್ನಡಕ ತೆಗೆಯಬೇಡಿ. ತೆಳು ಮೋಡ ಯುವಿಯ ಬಹುಪಾಲನ್ನು ಹಾಗೇ ಬಿಟ್ಟುಬಿಡುತ್ತದೆ.

ಹೊತ್ತೇರಿದ ಮೇಲೂ ತುಳಿಯುವವರಿಗೆ ಕಪ್ಪಿನದು ಬೇಕೇ ಬೇಕು. ಎಷ್ಟು ಕಪ್ಪು ಅನ್ನುವುದಕ್ಕೆ 0ಯಿಂದ 4ರ ತನಕ ದರ್ಜೆ ಇದೆ, ಒಳ್ಳೆಯ ಕನ್ನಡಕದ ಕಡ್ಡಿಯ ಒಳಬದಿಯಲ್ಲೋ ಪೊಟ್ಟಣದಲ್ಲೋ ಬರೆದಿರುತ್ತದೆ. 0 ಅಂದರೆ ಶೇ. 80ಕ್ಕಿಂತ ಜಾಸ್ತಿ ಬೆಳಕು ಬಿಡುವ ಬಿಳಿ ಲೆನ್ಸ್. 2 ಅಂದರೆ ಶೇ. 18ರಿಂದ 43. 3 ಅಂದರೆ ಶೇ. 8ರಿಂದ 18, ನಮ್ಮ ಬೇಸಿಗೆಯ ಹಗಲಿಗೆ ಇದು. 4ನೇ ದರ್ಜೆಯದು ಹಿಮಪರ್ವತ ಹತ್ತುವವರಿಗೆ, ಅದನ್ನು ಹಾಕಿಕೊಂಡು ವಾಹನ ಓಡಿಸಬಾರದು ಅಂತ ಅದರ ಮೇಲೇ ಗುರುತು ಇರುತ್ತದೆ. ಸೈಕಲ್ಲಿಗೂ ಬೇಡ. ನನ್ನನ್ನು ಕೇಳಿದರೆ ಒಂದೇ ಕೊಳ್ಳುವುದಾದರೆ 2ನೇ ದರ್ಜೆ ಸಾಕು. ಸಾಲುಮರದ ರಸ್ತೆಯಲ್ಲಿ ಬಿಸಿಲಿನಿಂದ ನೆರಳಿಗೆ ಹೊಕ್ಕಾಗ 3ರಲ್ಲಿ ಗುಂಡಿ ಕಾಣಲು ತಡವಾಗುತ್ತದೆ. ಆ ಅರ್ಧ ಸೆಕೆಂಡು ಸಾಕು ಬೀಳಲು.

ಬಣ್ಣದಲ್ಲಿ ಕಂದು ನನಗೆ ಇಷ್ಟ. ಟಾರಿನ ಬಿರುಕು, ಜಲ್ಲಿ, ಉಬ್ಬು ಎದ್ದು ಕಾಣುತ್ತದೆ. ಬೂದು ಬಣ್ಣದ್ದು ಯಾವ ಬಣ್ಣವನ್ನೂ ಬದಲಿಸುವುದಿಲ್ಲ, ಅದೂ ಒಳ್ಳೆಯದೇ. ಕಡು ನೀಲಿ, ಗುಲಾಬಿ ಬೇಡ, ಸಿಗ್ನಲ್ಲಿನ ಕೆಂಪು ಹಸಿರು ಗುರುತಿಸಲು ಕಷ್ಟ. ಹಳದಿ ಲೆನ್ಸನ್ನು 'ನೈಟ್ ಗ್ಲಾಸ್' ಅಂತ ಮಾರುತ್ತಾರೆ. ಅದು ಮಂಜಿನ ಬೆಳಗಿಗೆ ಕೆಲವರಿಗೆ ಹಿತ ಅನ್ನಿಸಬಹುದು. ರಾತ್ರಿಗೆ ಮಾತ್ರ ಬೇಡ. 2019ರಲ್ಲಿ ಬೋಸ್ಟನ್ನಿನ ಸಂಶೋಧಕರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿ, ಎದುರು ಹೆಡ್‌ಲೈಟ್ ಬಿದ್ದಾಗ ರಸ್ತೆಯಲ್ಲಿ ನಡೆಯುವವರನ್ನು ಗುರುತಿಸಲು ಹಳದಿ ಗ್ಲಾಸಿನಿಂದ ಏನೂ ಸಹಾಯ ಆಗುವುದಿಲ್ಲ ಅಂತ ಕಂಡುಕೊಂಡರು. ರಾತ್ರಿ ತುಳಿಯುವವರಿಗೆ ಗೀರಿಲ್ಲದ, ಚೊಕ್ಕಟವಾದ ಬಿಳಿ ಲೆನ್ಸ್ ಬಿಟ್ಟರೆ ಬೇರೇನೂ ಬೇಡ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸ್ ಬೆಳಿಗ್ಗೆ ಆರಕ್ಕೆ ಹೊರಟು ಹತ್ತಕ್ಕೆ ಮನೆಗೆ ಬರುವವರಿಗೆ ಹೇಳಿ ಮಾಡಿಸಿದ್ದು. ಹೆಲ್ಮೆಟ್ ಮೇಲೆ ಸಿಕ್ಕಿಸುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಅದು ಕಪ್ಪಾಗುವಷ್ಟು ಬೇಗ ತಿಳಿಯಾಗುವುದಿಲ್ಲ, ಕೆಲವು ನಿಮಿಷ ಬೇಕು. ಅಂಡರ್‌ಪಾಸಿಗೆ ಇಳಿಯುವ ಮುಂಚೆ ವೇಗ ತಗ್ಗಿಸಿ. ಬಿಸಿ ಜಾಸ್ತಿ ಇದ್ದಾಗ ಪೂರ್ತಿ ಕಪ್ಪಾಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಕೊಳ್ಳುವಾಗ ಪೂರ್ತಿ ತಿಳಿಯಾದಾಗ ಯಾವ ದರ್ಜೆ ಅಂತ ಕೇಳಿ, 0 ಅಥವಾ 1 ಇರಬೇಕು. ಪೋಲರೈಸ್ಡ್ ಲೆನ್ಸ್ ರಸ್ತೆಯ ಮೇಲಿನ, ಕಾರಿನ ಗಾಜಿನ ಮೇಲಿನ ಕೋರೈಸುವ ಹೊಳಪನ್ನು ಚೆನ್ನಾಗಿ ತೆಗೆಯುತ್ತದೆ. ಸಂಜೆ ಹುಣಸೂರು ರಸ್ತೆಯಲ್ಲಿ ಮುಳುಗುವ ಸೂರ್ಯನಿಗೆ ಮುಖ ಮಾಡಿ ತುಳಿದವರಿಗೆ ಅದರ ಬೆಲೆ ಗೊತ್ತು. ಆದರೂ ಸೈಕಲ್ಲಿಗೆ ನಾನು ಸುಲಭಕ್ಕೆ ಹೂಂ ಅನ್ನುವುದಿಲ್ಲ. ಮಳೆ ನಿಂತ ರಸ್ತೆಯಲ್ಲಿ ಚೆಲ್ಲಿದ ಎಣ್ಣೆ, ತೆಳು ನೀರು ಗುರುತು ಸಿಗುವುದೇ ಆ ಹೊಳಪಿನಿಂದ. ಹ್ಯಾಂಡಲ್ ಮೇಲಿನ ಮೊಬೈಲು, ಸೈಕಲ್ ಕಂಪ್ಯೂಟರಿನ ಪರದೆಯೂ ಕೆಲವು ಕೋನದಲ್ಲಿ ಕಪ್ಪಾಗಿ ಕಾಣುತ್ತದೆ.

ಪವರ್ ಇರುವವರ ಕಷ್ಟ ಬೇರೆ. ದಿನದ ಕನ್ನಡಕದಲ್ಲೇ ತುಳಿಯುತ್ತಾರೆ, ಅದಕ್ಕೆ ಪಕ್ಕದಲ್ಲಿ ರಕ್ಷಣೆ ಇಲ್ಲ. ಬಾಗಿದ ಫ್ರೇಮಿಗೆ ಪವರ್ ಹಾಕಿಸಬಹುದು, ಆದರೆ ಲೆನ್ಸ್ ಓರೆಯಾಗಿ ಕೂರುವುದರಿಂದ ಅದೇ ನಂಬರ್ ಹಾಕಿದರೆ ತಲೆ ತಿರುಗುತ್ತದೆ, ನೆಲ ಬಾಗಿದ ಹಾಗೆ ಕಾಣುತ್ತದೆ. ಆ ಬಾಗಿಗೆ ಲೆಕ್ಕ ಹಾಕಿ ಪವರ್ ತಿದ್ದಬೇಕು. ಅಂಗಡಿಯವರನ್ನು ಇದರ ಬಗ್ಗೆ ಕೇಳಿ, ಅವರು ತಡಬಡಿಸಿದರೆ ಬೇರೆ ಅಂಗಡಿ ನೋಡಿ. ಮೈನಸ್ 4 ದಾಟಿದವರಿಗೆ ಒಳಗೆ ಸಿಕ್ಕಿಸುವ ಪವರ್ ಕ್ಲಿಪ್ ಇರುವ ಕನ್ನಡಕ ವಾಸಿ. ಅದರಲ್ಲಿ ಆವಿ ಸ್ವಲ್ಪ ಜಾಸ್ತಿ ಕಟ್ಟುತ್ತದೆ, ಅದೊಂದೇ ತೊಂದರೆ. ದುಡ್ಡು ಜಾಸ್ತಿ ಹಾಕಲು ಆಗದವರು ದಿನದ ಕನ್ನಡಕದ ಮೇಲೇ ಹಾಕಿಕೊಳ್ಳುವ ದೊಡ್ಡ ಸೇಫ್ಟಿ ಗ್ಲಾಸ್ ತಗೊಳ್ಳಲಿ. ಚಾಳೀಸು ಬಂದವರು ಪ್ರೋಗ್ರೆಸಿವ್ ಲೆನ್ಸಿನಲ್ಲಿ ತುಳಿಯುವಾಗ ಹುಷಾರು. ಕಣ್ಣನ್ನಷ್ಟೇ ಕೆಳಗಿಳಿಸಿ ಮುಂದಿನ ಚಕ್ರದ ಹತ್ತಿರ ನೋಡಿದರೆ ಓದುವ ಪವರಿನ ಭಾಗ ಅಡ್ಡ ಬಂದು ರಸ್ತೆ ಮಸುಕಾಗುತ್ತದೆ. ಸೈಕಲ್ಲಿಗೆ ಬರೀ ದೂರದ ಪವರ್ ಹಾಕಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗಂತೂ ಕನ್ನಡಕ ತಪ್ಪಿಸುವಂತಿಲ್ಲ, ಲೆನ್ಸಿನ ಕೆಳಗೆ ಧೂಳು ಸೇರಿದರೆ ಅದರ ಉರಿ ಅನುಭವಿಸಿದವರಿಗೇ ಗೊತ್ತು. ದಾರಿಯಲ್ಲಿ ಲೆನ್ಸ್ ತೆಗೆದು ನಲ್ಲಿ ನೀರಲ್ಲಿ ತೊಳೆದು ಮತ್ತೆ ಹಾಕಿಕೊಳ್ಳಬೇಡಿ. ಆ ನೀರಿನಿಂದ ಬರುವ, ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿಯ ಸೋಂಕು ನಾನು ನೋಡಿರುವ ಅತಿ ನೋವಿನ ಕಾಯಿಲೆಗಳಲ್ಲಿ ಒಂದು.

ಹೆಲ್ಮೆಟ್ ಜೊತೆಗೇ ಹೋಗಿ ಕನ್ನಡಕ ಕೊಳ್ಳಿ. ಬಗ್ಗಿ ತುಳಿಯುವ ರೋಡ್ ಸೈಕಲ್ಲಿನವರು ಅಂಗಡಿಯಲ್ಲೇ ಆ ಭಂಗಿಯಲ್ಲಿ ಬಗ್ಗಿ ಮುಂದೆ ನೋಡಬೇಕು. ಆಗ ಕಣ್ಣು ಲೆನ್ಸಿನ ಮೇಲಂಚಿನಿಂದ ನೋಡುತ್ತದೆ. ಫ್ರೇಮಿನ ಪಟ್ಟಿ ಅಡ್ಡ ಬಂದರೆ ಇಡೀ ದಾರಿ ಕತ್ತು ಎತ್ತಿಯೇ ಇರಬೇಕಾಗುತ್ತದೆ. ಅಂಥವರಿಗೆ ಮೇಲೆ ಪಟ್ಟಿ ಇಲ್ಲದ, ಎತ್ತರದ ಲೆನ್ಸ್ ಒಳ್ಳೆಯದು. ಕಡ್ಡಿಗಳು ಹೆಲ್ಮೆಟ್ಟಿನ ಪಟ್ಟಿಯ ಹೊರಗಿರಲಿ. ಬಿದ್ದರೆ ಕನ್ನಡಕ ಕಳಚಿ ಆಚೆ ಹೋಗುತ್ತದೆ, ಮುಖಕ್ಕೆ ಒತ್ತಿಕೊಳ್ಳುವುದಿಲ್ಲ. ಟೀ ಶರ್ಟಿನ ಅಂಚಿನಿಂದ ಒಣ ಧೂಳು ಒರೆಸುವುದು ಲೆನ್ಸಿಗೆ ಮರಳು ಕಾಗದ ಉಜ್ಜಿದ ಹಾಗೆ. ಬಾಟಲಿ ನೀರು ಹಾಕಿ ಧೂಳು ಇಳಿಸಿ, ಆಮೇಲೆ ಒರೆಸಿ. ಮನೆಯಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು, ಸ್ಯಾನಿಟೈಸರ್ ಬೇಡ. ಗೀರು ತುಂಬಿದ ಲೆನ್ಸ್ ಎದುರು ಬಿಸಿಲಿಗೆ ಪರದೆ ಕಟ್ಟಿದ ಹಾಗೆ ಆಗುತ್ತದೆ, ಬದಲಿಸಲು ತಡ ಮಾಡಬೇಡಿ.

ಇಷ್ಟು ಹೊತ್ತು ಹವ್ಯಾಸಕ್ಕೆ ತುಳಿಯುವವರ ಬಗ್ಗೆಯೇ ಹೇಳಿದೆ. ಆದರೆ ಹೊಟ್ಟೆಪಾಡಿಗೆ ಸೈಕಲ್ ತುಳಿಯುವವರ ಕಣ್ಣು ನನಗೆ ಇನ್ನೂ ಜಾಸ್ತಿ ಚಿಂತೆ ತರುತ್ತದೆ. ಪೇಪರ್ ಹಾಕುವ ಹುಡುಗರು, ಸೊಪ್ಪು ಮಾರುವವರು, ಬೆಳಗಿನ ಪಾಳಿಗೆ ಹೋಗುವ ಕಾರ್ಮಿಕರು. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳು ಕೂಡ. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆಯಿಂದ ಎಷ್ಟೊಂದು ಹಳ್ಳಿ ಹುಡುಗಿಯರು ಹೈಸ್ಕೂಲು ಮುಟ್ಟಿದರು. ಮಕ್ಕಳ ಕಣ್ಣಿನೊಳಗಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾಗಿರುತ್ತದೆ, ಯುವಿ ಜಾಸ್ತಿ ಒಳಗೆ ಹೋಗುತ್ತದೆ. ಅವರಿಗೆ ಆಟದ ಸಾಮಾನಿನ ಕಪ್ಪು ಗ್ಲಾಸ್ ಕೊಡಿಸಬೇಡಿ. ಸಣ್ಣ ಅಳತೆಯ ಬಿಳಿ ಪಾಲಿಕಾರ್ಬೊನೇಟ್ ಗ್ಲಾಸ್ ಸಿಗುತ್ತದೆ, ಅದು ಸಾಕು.

ನಮ್ಮ ಬೀದಿಗೆ ಹಾಲು ತರುವವರಿಗೆ ಐವತ್ತು ದಾಟಿದೆ. ಬೆಳಿಗ್ಗೆ ನಾಲ್ಕೂವರೆಗೆ ಹದಿನಾಲ್ಕು ಕಿ.ಮೀ. ದೂರದ ಹಳ್ಳಿಯಿಂದ ಸೈಕಲ್ಲಿನಲ್ಲಿ ಹೊರಡುತ್ತಾರೆ. ಎರಡು ವರ್ಷದ ಹಿಂದೆ ಅವರ ಬಲಗಣ್ಣಿನಿಂದ ಹುಳದ ರೆಕ್ಕೆ ತೆಗೆದು, ಒಂದು ಸೇಫ್ಟಿ ಗ್ಲಾಸ್ ಕೊಟ್ಟಿದ್ದೆ. "ನಮ್ಮಂಥೋರಿಗೆ ಇದೆಲ್ಲ ಯಾಕವ್ವಾ" ಅಂದಿದ್ದರು. ಮೊನ್ನೆ ಕ್ಯಾನು ಇಳಿಸಿ, ಕನ್ನಡಕ ತೆಗೆದು ನನ್ನ ಕೈಗಿಟ್ಟರು. ಕಡ್ಡಿ ಮುರಿದಿತ್ತು, ಚಡ್ಡಿ ಎಲಾಸ್ಟಿಕ್ ಹೊಲಿದು ತಲೆಗೆ ಕಟ್ಟಿಕೊಂಡಿದ್ದರು. ಲೆನ್ಸಿನ ತುಂಬ ಗೀರು, ಅಲ್ಲಲ್ಲಿ ಅಂಟಿದ ಸಣ್ಣ ಹುಳ. "ಇಂಥದ್ದೇ ಇನ್ನೆರಡು ಬೇಕಾಗಿತ್ತವ್ವಾ. ಒಂದು ನಂಗೆ, ಒಂದು ಮಗಂಗೆ. ಅವ್ನೂ ಈಗ ಸೈಕಲ್ ತುಳೀತಾನೆ" ಅಂದರು.